ಟ್ಯೂಬ್ ಆಂಪ್, ಟ್ರಾನ್ಸಿಸ್ಟರ್ ಆಂಪ್: ನಾಲ್ಕು ವರ್ಷ ಕೇಳಿದ ಮೇಲೆ

ನಾಲ್ಕು ವರ್ಷದಿಂದ ನನ್ನ ಹತ್ತಿರ ಎರಡು ಆಂಪ್ಲಿಫೈಯರ್ (ಸ್ಪೀಕರ್ ನುಡಿಸುವ ಆಂಪ್) ಇವೆ. ಒಂದು ಇಎಲ್34 ಅನ್ನೋ ಹಳೇ ಮಾದರಿಯ ಗಾಜಿನ ಟ್ಯೂಬಿನದು, ಚಾನೆಲ್‌ಗೆ 35 ವ್ಯಾಟ್. ಇನ್ನೊಂದು ಮಾಮೂಲಿ ಟ್ರಾನ್ಸಿಸ್ಟರಿನದು, 80 ವ್ಯಾಟ್.

ಮೊದಲ ತಿಂಗಳು ಟ್ಯೂಬೇ ಗೆದ್ದಿತು. ಹಾಡುವವರು ಎದುರಿಗೇ ಕೂತ ಹಾಗಿತ್ತು. ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದೂ ಆಯ್ತು. ಆಮೇಲೆ ಅನುಮಾನ ಶುರುವಾಯಿತು: ಎರಡರ ವಾಲ್ಯೂಮ್ ನಿಜವಾಗಿ ಒಂದೇ ಇದೆಯಾ? ಒಂದೇ ಟೋನ್ ಹಾಕಿ, ಸ್ಪೀಕರ್ ಟರ್ಮಿನಲ್ಲಿಗೆ ಮೀಟರ್ ಹಿಡಿದೆ. ಟ್ರಾನ್ಸಿಸ್ಟರಿನಲ್ಲಿ 2 ವೋಲ್ಟ್, ಟ್ಯೂಬಿನಲ್ಲಿ 2.4. ಅಂದ್ರೆ ಸುಮಾರು 1.6 ಡೆಸಿಬೆಲ್ ಜಾಸ್ತಿ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಿವಿ ಜೋರು ಅಂತ ಹೇಳೋದೇ ಇಲ್ಲ, ಚೆನ್ನಾಗಿದೆ ಅಂದುಬಿಡುತ್ತದೆ!

ಮಟ್ಟ ಸರಿಮಾಡಿ, ಗೆಳೆಯನನ್ನು ಹಿಂದೆ ನಿಲ್ಲಿಸಿ, ಯಾವುದು ಓಡುತ್ತಿದೆ ಅಂತ ಹೇಳದೆ ಬದಲಾಯಿಸು ಅಂದೆ. ಚಿಕ್ಕ ಸ್ಪೀಕರಿನಲ್ಲಿ ಹತ್ತಕ್ಕೆ ಐದು ಸರಿ. ಅಂದ್ರೆ ಸುಮ್ನೆ ಊಹೆ. ದೊಡ್ಡ ಸ್ಪೀಕರಿನಲ್ಲಿ ಹತ್ತಕ್ಕೆ ಒಂಬತ್ತು!

ಕಾರಣ ಸ್ಪೀಕರಿನಲ್ಲೇ ಇದೆ. 8 ಓಮ್ (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯ ಅಳತೆ) ಅಂತ ಬರೆದಿದ್ದರೂ ಅದು ಎಲ್ಲ ಸ್ವರಕ್ಕೂ 8 ಇರೋದಿಲ್ಲ. ನನ್ನ ದೊಡ್ಡದು ಒಂದು ಕಡೆ 4ಕ್ಕೆ ಇಳಿದು, ಇನ್ನೊಂದು ಕಡೆ 20 ದಾಟುತ್ತದೆ. ಟ್ಯೂಬ್ ಆಂಪಿನ ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಆಂಪಿನ ಒಳಗಿನದೇ ತಡೆ, ಜಾಸ್ತಿ. ಹಾಗಾಗಿ ಸ್ಪೀಕರಿನ ಓಮ್ ಏರಿದ ಕಡೆ ಸದ್ದೂ ಸ್ವಲ್ಪ ಏರುತ್ತದೆ. ನಾನು ಮೆಚ್ಚಿದ ಆ ತುಂಬಿದ ದನಿ ಬಹುಪಾಲು ಇದೇ. ಟ್ರಾನ್ಸಿಸ್ಟರಿನಲ್ಲಿ ಆ ಇಂಪೀಡೆನ್ಸ್ ತೀರಾ ಕಡಿಮೆ, ಸ್ಪೀಕರ್ ಏನೇ ಆಡಲಿ ಅದು ಜಗ್ಗೋದಿಲ್ಲ. ಬೇಸ್ ಗಿಟಾರಿನ ತಂತಿ ಮೀಟಿ ಬೆರಳಿಟ್ಟು ತಡೆದಾಗ ಸದ್ದು ಅಲ್ಲೇ ನಿಲ್ಲುತ್ತದೆ. ಟ್ಯೂಬಿನಲ್ಲಿ ಒಂಚೂರು ಎಳೆಯುತ್ತದೆ.

ವಾಲ್ಯೂಮ್ ಮಿತಿಗೆ ತಳ್ಳಿದರೆ ಟ್ಯೂಬ್ ಮೆಲ್ಲಗೆ ಬಾಗುತ್ತದೆ, ಟ್ರಾನ್ಸಿಸ್ಟರ್ ಕತ್ತರಿಸಿದ ಹಾಗೆ ಒರಟಾಗುತ್ತದೆ. ಮನೆಯಲ್ಲಿ ಅಷ್ಟು ಜೋರಾಗಿ ಯಾರು ಕೇಳ್ತಾರೆ?

ಟ್ಯೂಬಿನ ಸೇವೆ ಮಾತ್ರ ತಪ್ಪೋದಿಲ್ಲ. ಕೆಲವು ತಿಂಗಳಿಗೊಮ್ಮೆ ಬಯಾಸ್ (ಹಾಡಿಲ್ಲದಾಗಲೂ ಟ್ಯೂಬಿನಲ್ಲಿ ಹರಿಯುವ ಕರೆಂಟಿನ ಮಟ್ಟ) ನೋಡಬೇಕು. ಮೂರನೇ ವರ್ಷ ಒಂದು ರಾತ್ರಿ ಎಡಗಡೆ ಟ್ಯೂಬಿನ ಒಳಗಿನ ಪ್ಲೇಟು ಕಾದ ಕಬ್ಬಿಣದ ಹಾಗೆ ಕೆಂಪಗಾಗಿತ್ತು. ಓಡಿಹೋಗಿ ಸ್ವಿಚ್ ಆರಿಸಿದೆ. ನಾಲ್ಕೂ ಟ್ಯೂಬ್ ಹೊಸದು ಹಾಕಿಸಬೇಕಾಯ್ತು. ಮುಚ್ಚಳ ತೆಗೆದು ನೀವೇ ಕೈ ಹಾಕಬೇಡಿ, ಆರಿಸಿದ ಮೇಲೂ ಒಳಗೆ ನಾನೂರು ವೋಲ್ಟ್ ಉಳಿದಿರಬಹುದು. ಸ್ಪೀಕರ್ ಜೋಡಿಸದೆ ಆನ್ ಮಾಡಲೂಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟೀತು.

ಈಗ ಹಗಲೆಲ್ಲ ಓಡೋದು ಟ್ರಾನ್ಸಿಸ್ಟರೇ, ಚಿಕ್ಕ ಸ್ಪೀಕರಿನ ಜೊತೆ. ಟ್ಯೂಬ್ ದೊಡ್ಡದಕ್ಕೆ, ರಾತ್ರಿ ಒಂದೆರಡು ಗಂಟೆ. ಮಾರೋ ಯೋಚನೆ ಇಲ್ಲ.