ಓದ್ರಾಂನ ಅಳತೆ ಚಿತ್ರಗಳು: ಪುಸ್ತಕ ಬೇಕೇ ಬೇಕು, ಈ ಮರುಮುದ್ರಣ ಬೇಡ

ಮೂಲ ಕೆಲಸಕ್ಕೆ 5ಕ್ಕೆ 5. ನನ್ನ ಕೈಗೆ ಬಂದ ಮರುಮುದ್ರಣಕ್ಕೆ 2 ಕೊಟ್ಟರೂ ಜಾಸ್ತಿಯೇ.

ಜೆರಾರ್ ಓದ್ರಾಂ 17ನೇ ಶತಮಾನದ ಫ್ರೆಂಚ್ ಕೆತ್ತನೆಗಾರ. ಪ್ರಾಚೀನ ಕಾಲದ ಹೆಸರಾಂತ ಶಿಲ್ಪಗಳ ಅಳತೆಗಳನ್ನು ತಾಮ್ರದ ತಗಡಿನ ಮೇಲೆ ಕೊರೆದು, 1683ರಲ್ಲಿ ಪ್ಯಾರಿಸ್‌ನಲ್ಲಿ ಪುಸ್ತಕ ಮಾಡಿದ. ಲಾವೊಕೂನ್, ಫಾರ್ನೀಸ್ ಹರ್ಕ್ಯುಲಿಸ್, ಮೆಡಿಚಿ ವೀನಸ್, ಅಪೊಲೊ ಎಲ್ಲರೂ ಇದ್ದಾರೆ. ನಾನು ಡ್ರಾಯಿಂಗ್ ಕ್ಲಾಸ್ ನಡೆಸುತ್ತೇನೆ. ಮಕ್ಕಳ ಮುಂದೆ ಇಡೋಣ ಅಂತಲೇ 1,100 ರೂಪಾಯಿ ಕೊಟ್ಟು ತರಿಸಿದೆ.

ಓದ್ರಾಂನ ಲೆಕ್ಕ ಸರಳ. ತಲೆಯ ಎತ್ತರವೇ ಅಳತೆಗೋಲು. ಅದನ್ನು 4 ಭಾಗ ಮಾಡಿದ, ಒಂದೊಂದು ಭಾಗದಲ್ಲಿ 12 ಮಿನಿಟ್ (ಗಡಿಯಾರದ್ದಲ್ಲ, ಅಳತೆಯ ಸಣ್ಣ ಪಾಲು). ಅಲ್ಲಿಗೆ ಒಂದು ತಲೆಗೆ 48 ಮಿನಿಟ್ ಆಯ್ತು. ಭುಜದ ಅಗಲ, ಮಂಡಿಯ ದಪ್ಪ ಎಲ್ಲವೂ ಇದರಲ್ಲೇ. ಮನುಷ್ಯನ ಎತ್ತರ ಅಂದ್ರೆ ನೆಟ್ಟಗೆ ಎಂಟು ತಲೆ ಅಂತ ಬಾಯಿಪಾಠ ಮಾಡಿಕೊಂಡ ಹುಡುಗರಿಗೆ ಇದನ್ನು ತೋರಿಸಲೇಬೇಕು. ಯಾಕಂದ್ರೆ ಇಲ್ಲಿ ಒಂದೊಂದು ವಿಗ್ರಹಕ್ಕೂ ಬೇರೆ ಬೇರೆ ಲೆಕ್ಕ ಬರುತ್ತದೆ.

ನಮ್ಮ ಶಿಲ್ಪಿಗಳದೂ ಹನ್ನೆರಡರ ಲೆಕ್ಕವೇ ಅಲ್ವಾ? ಮುಖದ ಉದ್ದ ಒಂದು ತಾಳ, ತಾಳಕ್ಕೆ 12 ಅಂಗುಲ, ನವತಾಳದ ಮೂರ್ತಿಗೆ 108 ಅಂಗುಲ. ಆದರೆ ನಮ್ಮಲ್ಲಿ ಅಳತೆ ಮೊದಲು, ಉಳಿ ಆಮೇಲೆ. ಓದ್ರಾಂನ ಪುಸ್ತಕದಲ್ಲಿರುವುದು ಯಾರೋ ಕಡೆದು ಮುಗಿಸಿದ ಕಲ್ಲಿನ ಅಳತೆ. ನನಗೆ ಈ ಪುಸ್ತಕ ಇಷ್ಟವಾಗುವುದೇ ಇದಕ್ಕೆ.

ಇನ್ನು ಗೆರೆಯ ವಿಷಯ. ಹರ್ಕ್ಯುಲಿಸ್‌ನ ತೊಡೆಯ ಹೊರಗೆರೆಯನ್ನು ಭೂತಗನ್ನಡಿ ಹಿಡಿದು ನೋಡಿ. ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ಮಾಂಸ ಉಬ್ಬುವಲ್ಲಿ ದಪ್ಪವಾಗಿ, ಮತ್ತೆ ಸಣ್ಣಗಾಗುತ್ತದೆ. ಓದ್ರಾಂ ತಗಡು ಕೊರೆಯುವ ಉಳಿಯನ್ನು ಎಷ್ಟು ಒತ್ತಿದ, ಎಲ್ಲಿ ಸಡಿಲ ಬಿಟ್ಟ ಅನ್ನೋದು ಕಾಣುತ್ತದೆ. ಅಚ್ಚಿನಲ್ಲಿ ಎಡಬಲ ತಿರುಗುವುದರಿಂದ ಪಕ್ಕದ ಅಂಕಿಗಳನ್ನೆಲ್ಲ ತಗಡಿನ ಮೇಲೆ ಉಲ್ಟಾ ಕೊರೆಯಬೇಕು. ಎಂಥ ಕೈ!

ಮರುಮುದ್ರಣದವರು ಕೆಡಿಸಿರುವುದೂ ಇದನ್ನೇ. ದೊಡ್ಡ ಫೋಲಿಯೋ ಪುಟವನ್ನು ನೋಟ್‌ಬುಕ್ ಅಳತೆಗೆ ಇಳಿಸಿದ್ದಾರೆ. 3 ಯಾವುದು, 8 ಯಾವುದು ಗೊತ್ತಾಗಲ್ಲ. ಸ್ಕ್ಯಾನ್ ಸ್ವಚ್ಛ ಮಾಡುವಾಗ ಚುಕ್ಕಿಗೆರೆಗಳನ್ನು ಕೊಳೆ ಅಂದುಕೊಂಡು ಅಳಿಸಿದ ಹಾಗಿದೆ. ಕೆಲವು ಕಡೆ ಅಂಕಿ ಇದೆ, ಎಲ್ಲಿಂದ ಎಲ್ಲಿಗೆ ಅನ್ನೋ ಗೆರೆಯೇ ಇಲ್ಲ. ಅಳತೆಯ ಪುಸ್ತಕದಲ್ಲಿ ಅಳತೆಯೇ ಓದಲಾಗದಿದ್ದರೆ ಹೇಗೆ? ಮೇಲಿಂದ ಬೈಂಡಿಂಗ್ ಬಿಗಿ, ಒಳಪಕ್ಕದ ಅಂಕಿಗಳು ಮಡಿಕೆಯೊಳಗೆ ಸೇರಿಹೋಗಿವೆ. ಕಾಗದ ಪರವಾಗಿಲ್ಲ. ರಟ್ಟು ಚೆನ್ನಾಗಿದೆ, ಅಷ್ಟೇ.

ದುಡ್ಡು ಸುಮ್ನೆ ಹಾಳುಮಾಡಬೇಡಿ. ದೊಡ್ಡ ಗ್ರಂಥಾಲಯಗಳು ಮೂಲ ಪ್ರತಿಯ ಸ್ಕ್ಯಾನ್ ಪುಕ್ಕಟೆ ಕೊಡುತ್ತವೆ. ಬೇಕಾದ ಪುಟ ಇಳಿಸಿಕೊಂಡು ಎ3 ಹಾಳೆಯಲ್ಲಿ ಪ್ರಿಂಟ್ ಹಾಕಿಸಿ. ಜೆರಾಕ್ಸ್ ಬೇಡ, ಸಣ್ಣ ಗೆರೆ ಬರಲ್ಲ. ಮೊದಲು ಹರ್ಕ್ಯುಲಿಸ್ ಮತ್ತು ವೀನಸ್ ತೆಗೆಸಿ, ಅಕ್ಕಪಕ್ಕ ಇಟ್ಟರೆ ಅರ್ಧ ಪಾಠ ಆದಂತೆ. ಲಾವೊಕೂನ್‌ನ ಬಲಗೈ ಅಳತೆ ಮಾತ್ರ ನಂಬಿಕೊಂಡು ಕೂರಬೇಡಿ. ಓದ್ರಾಂನ ಕಾಲದಲ್ಲಿ ಆ ವಿಗ್ರಹಕ್ಕಿದ್ದದ್ದು ಆಮೇಲೆ ಜೋಡಿಸಿದ ಚಾಚಿದ ತೋಳು. ಮಡಚಿದ ಮೂಲ ತೋಳು ರೋಮ್‌ನಲ್ಲಿ ಸಿಕ್ಕಿದ್ದು 20ನೇ ಶತಮಾನದಲ್ಲಿ.