ಅಂಬಾಸಿಡರ್ ಎಸ್ಟೇಟ್: ಮುಂಭಾಗ ಜೆ.ಸಿ. ರೋಡಿನಲ್ಲಿ ಸಿಗುತ್ತದೆ, ಹಿಂಭಾಗ ಎಲ್ಲೂ ಸಿಗಲ್ಲ

ಬೆಂಗಳೂರಿನ ಜೆ.ಸಿ. ರೋಡಿನ ಹಳೇ ಅಂಗಡಿಗೆ ಹೋಗಿ ಅಂಬಾಸಿಡರ್ ಸಾಮಾನು ಬೇಕು ಅಂದರೆ ಕೂತಲ್ಲಿಂದಲೇ ಕೇಳುತ್ತಾರೆ, "ಪೆಟ್ರೋಲಾ, ಡೀಸೆಲ್ಲಾ, ಇಸುಜುನಾ?" (ಇಸುಜು ಅಂದರೆ ಆಮೇಲೆ ಬಂದ ಜಪಾನಿ ಎಂಜಿನ್.) ತಲೆ ಎತ್ತುವುದಿಲ್ಲ. ಎಸ್ಟೇಟ್ ಗಾಡಿ, ಅಂದರೆ ಸ್ಟೇಷನ್ ವ್ಯಾಗನ್, ಅಂದ ಕೂಡಲೇ ಎತ್ತುತ್ತಾರೆ. ಒಬ್ಬ ಯಜಮಾನರು ಕನ್ನಡಕ ತೆಗೆದು ಒರೆಸಿಕೊಂಡು, "ಇನ್ನೂ ಇದೆಯಾ ಅದು?" ಅಂತ ಕೇಳಿ ನನಗೆ ಟೀ ತರಿಸಿದರು. ಸಾಮಾನು ಕೊಡಲಿಲ್ಲ. ಟೀ ಮಾತ್ರ ಚೆನ್ನಾಗಿತ್ತು.

ಈ ಬರಹ ಆ ರಸ್ತೆಯ ಬಗ್ಗೆ, ಶಿವಾಜಿನಗರದ ಗುಜರಿ ಬಗ್ಗೆ, ಚೆನ್ನೈನ ಪುದುಪೇಟೆ ಬಗ್ಗೆ, ಕೊನೆಗೆ ಹಾಸನದ ಒಬ್ಬ ಟಿಂಕರ್ ಮೇಸ್ತ್ರಿ ಬಗ್ಗೆ. ಒಂದೂವರೆ ವರ್ಷ ಈ ನಾಲ್ಕರ ನಡುವೆ ಓಡಾಡಿದ್ದೇನೆ. ಹಳೇ ಸ್ಟೇಷನ್ ವ್ಯಾಗನ್ ಒಂದನ್ನು ಎಬ್ಬಿಸಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ ದುಡ್ಡು ಕೊಡುವ ಮೊದಲು ಓದಿ.

ಗಾಡಿ ನಮ್ಮ ಮಾವನದು. ಸಕಲೇಶಪುರದ ತೋಟದ ಮನೆಯಲ್ಲಿ, ಕಾಫಿ ಗೋಡೌನ್ ಪಕ್ಕದ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತಿತ್ತು. ಎಪ್ಪತ್ತರ ದಶಕದ ಕೊನೆಯದು, ನಂಬರ್ ಪ್ಲೇಟ್ ಎಂವೈ ಅಂತ ಶುರುವಾಗುತ್ತದೆ. ರಾಜ್ಯಕ್ಕೆ 1973ರಲ್ಲೇ ಕರ್ನಾಟಕ ಅಂತ ಹೆಸರು ಬಂದರೂ ನಂಬರಿನಲ್ಲಿ ಮೈಸೂರು ಇನ್ನೂ ಕೆಲವು ವರ್ಷ ಓಡಾಡುತ್ತಿತ್ತು. ಎಸ್ಟೇಟ್ ಅಂದರೆ ಕಾಫಿ ಎಸ್ಟೇಟಿನವರ ಗಾಡಿ ಅಂತಲೇ ನಾನು ಹೈಸ್ಕೂಲಿಗೆ ಬರುವ ತನಕ ತಿಳಿದಿದ್ದೆ. ಹಿಂದೆ ಡಿಕ್ಕಿ ಇಲ್ಲ, ಚಾವಣಿ ಹಾಗೇ ಹಿಂದಿನ ತನಕ ಹೋಗುತ್ತದೆ, ಕೊನೆಯಲ್ಲಿ ಒಂದು ಬಾಗಿಲು. ಗೊಬ್ಬರದ ಚೀಲ, ನಾಯಿ, ಮದುವೆಗೆ ಹೊರಟ ಮಕ್ಕಳು, ಎಲ್ಲಾ ಅಲ್ಲೇ.

ಮೊದಲು ಜೆ.ಸಿ. ರೋಡ್. ಟೌನ್ ಹಾಲ್ ಕಡೆಯಿಂದ ಮಿನರ್ವ ಸರ್ಕಲ್ ತನಕ ರಸ್ತೆ ಉದ್ದಕ್ಕೂ ಮತ್ತು ಅಡ್ಡರಸ್ತೆಗಳಲ್ಲಿ ಬಿಡಿಭಾಗದ ಅಂಗಡಿಗಳು. ಈಗ ಜಾಸ್ತಿ ಜಾಗ ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್‌ನವರದು. ಆದರೆ ಒಳಗೆ ನುಗ್ಗಿದರೆ ಮರದ ಕಪಾಟಿನ, ಕಂದು ಡಬ್ಬಿಗಳ ಹಳೇ ಅಂಗಡಿಗಳು ಇನ್ನೂ ಇವೆ. ಅಂಬಾಸಿಡರ್ ಗಾಡಿಗೆ ಈ ರಸ್ತೆ ಸ್ವರ್ಗ, ಅದಕ್ಕೆ ಕಾರಣವೂ ಸರಳ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯನ್ನೇ ತಂದು ಹಿಂದೂಸ್ತಾನ್ ಮೋಟಾರ್ಸ್‌ನವರು ಬಂಗಾಳದ ಉತ್ತರಪಾರಾದಲ್ಲಿ ಐವತ್ತರ ದಶಕದ ಕೊನೆಯಿಂದ 2014ರ ಮೇ ತಿಂಗಳ ತನಕ ಮಾಡಿದರು. ಮುಖ, ಬಂಪರ್, ಎಂಜಿನ್ ಬದಲಾದವು, ಅಡಿಪಾಯ ಬದಲಾಗಲಿಲ್ಲ. ಸರ್ಕಾರಿ ಆಫೀಸಿನಿಂದ ಟ್ಯಾಕ್ಸಿ ಸ್ಟ್ಯಾಂಡ್ ತನಕ ಎಲ್ಲಾ ಕಡೆ ಇದೇ ಗಾಡಿ ಇದ್ದದ್ದರಿಂದ ಸಾಮಾನು ಮಾಡುವವರಿಗೂ ಕೊರತೆ ಇರಲಿಲ್ಲ.

ನನಗೆ ಹೆಡ್ ಗ್ಯಾಸ್ಕೆಟ್, ಕ್ಲಚ್ ಪ್ಲೇಟ್, ವಾಟರ್ ಪಂಪ್, ಡೆಲ್ಕೋ ಪಾಯಿಂಟ್, ಕಂಡೆನ್ಸರ್, ಸಸ್ಪೆನ್ಷನ್ ಬುಷ್, ಇಷ್ಟೂ ಎರಡೇ ಶನಿವಾರದಲ್ಲಿ ಸಿಕ್ಕಿತು. ಬೆಲೆಯೂ ಹೊರೆ ಅನಿಸಲಿಲ್ಲ. ಇವತ್ತಿನ ಕಾರಿನ ಒಂದು ಹೆಡ್‌ಲೈಟಿನ ದುಡ್ಡಿನಲ್ಲಿ ಇದರ ಅರ್ಧ ಎಂಜಿನ್ ಹೊಸದಾಗುತ್ತದೆ. ಆದರೆ "ಮಾರ್ಕ್ 3" ಅಂತ ಮಾಡೆಲ್ ಹೆಸರನ್ನು ಬಾಯಲ್ಲಿ ಹೇಳಿ ಸಾಮಾನು ಕೇಳಬೇಡಿ, ಯಾರ ಗಾಡಿಯಲ್ಲಿ ಯಾವ ವರ್ಷದ ಸಾಮಾನು ಕೂತಿದೆಯೋ ದೇವರೇ ಬಲ್ಲ. ಹಳೇದನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯವರು ಕೇಳುವ ಮೊದಲ ಮಾತೇ "ಸ್ಯಾಂಪಲ್ ತಂದಿದ್ದೀರಾ ಸರ್?" ಸ್ಪ್ಯಾನರ್ ಸೆಟ್ ಕೂಡ ಇಂಚಿನದು ತಗೊಳ್ಳಿ. ಮಿಲಿಮೀಟರ್ ಸ್ಪ್ಯಾನರ್ ಹಾಕಿ ನಟ್ಟಿನ ಮೂಲೆ ತಿಂದು ಹಾಕಿದ ಪಾಪ ನನ್ನ ತಲೆ ಮೇಲಿದೆ.

ಇಲ್ಲಿ ನಾನು ಬಿದ್ದ ಗುಂಡಿಯೊಂದಿದೆ. ಹಳೇ ಸ್ಟಾಕ್, ಕಂಪನಿ ಡಬ್ಬಿ, ಸೀಲ್ ಒಡೆದಿಲ್ಲ ಅಂತ ತೋರಿಸಿದರೆ ನಮ್ಮಂಥವರ ಬಾಯಲ್ಲಿ ನೀರು ಬರುತ್ತದೆ. ಕಬ್ಬಿಣದ ಸಾಮಾನು, ಬೇರಿಂಗು, ಗೇರು ಆದರೆ ಕಣ್ಣು ಮುಚ್ಚಿ ತಗೊಳ್ಳಿ. ರಬ್ಬರ್ ಮಾತ್ರ ಬೇಡವೇ ಬೇಡ. ಡಬ್ಬಿಯೊಳಗೇ ಮೂವತ್ತು ವರ್ಷ ಕೂತ ರಬ್ಬರ್ ಹೊರಗಿಂದ ಹೊಸದು, ಬಗ್ಗಿಸಿದರೆ ಹಪ್ಪಳ. ನಾನು ಬ್ರೇಕಿನ ವೀಲ್ ಸಿಲಿಂಡರ್ ಕಿಟ್ ಹಾಗೆ ತಂದು ಹಾಕಿಸಿದೆ. ಮೂರನೇ ವಾರಕ್ಕೆ ಒಂದು ಚಕ್ರದ ಒಳಗೆಲ್ಲಾ ಬ್ರೇಕ್ ಆಯಿಲ್. ಶಿರಾಡಿ ಘಾಟಿಯಲ್ಲಿ ಅಲ್ಲ, ಮನೆ ಗೇಟಿನ ಮುಂದೆ ಗೊತ್ತಾಯಿತು, ಬದುಕಿದೆ. ಬ್ರೇಕಿಗೆ ಇವತ್ತು ಮಾಡಿದ ರಬ್ಬರೇ ಹಾಕಿಸಿ, ಲೋಕಲ್ ಆದರೂ ಪರವಾಗಿಲ್ಲ.

ಜೆ.ಸಿ. ರೋಡಿಗೆ ಐದಕ್ಕೆ ನಾಲ್ಕು. ಒಂದು ಅಂಕ ಕಡಿದದ್ದು ಪಾರ್ಕಿಂಗಿಗೆ. ಮೆಟ್ರೋದಲ್ಲಿ ಹೋಗಿ.

ಶಿವಾಜಿನಗರದ ಗುಜರಿ ಬೇರೆ ಲೋಕ. ಇಸ್ತ್ರಿ ಅಂಗಿ ಹಾಕಿಕೊಂಡು ಹೋದರೆ ಬೆಲೆ ಅಂಗಿಗೆ ತಕ್ಕಂತೆ ಹೇಳುತ್ತಾರೆ. ಬಿಚ್ಚಿದ ಬಾಗಿಲು, ಸ್ಟೇರಿಂಗ್, ಗೇರ್‌ಬಾಕ್ಸ್ ರಾಶಿಯ ನಡುವೆ ನಮಗೆ ಬೇಕಾದದ್ದು ಎಲ್ಲಿದೆ ಅಂತ ಅವರಿಗೂ ಸರಿಯಾಗಿ ಗೊತ್ತಿರುವುದಿಲ್ಲ, ನಾವೇ ಕಣ್ಣು ಹಾಯಿಸಬೇಕು, ಕಂಡರೂ ಕಾಣದ ಹಾಗೆ ಇನ್ನೇನೋ ಕೇಳುತ್ತಾ ನಿಂತು, ಹೊರಡುವಾಗ "ಇದಾದ್ರೂ ಕೊಡಿ ಭಾಯ್" ಅಂದರೆ ಮುನ್ನೂರರದ್ದು ನೂರೈವತ್ತಕ್ಕೆ ಇಳಿಯುತ್ತದೆ. ಕಿಟಕಿ ಏರಿಸುವ ಗೇರು ಎರಡು, ಒಳಗಿನ ಹ್ಯಾಂಡಲ್ ಮೂರು, ಒಂದು ಒಳ್ಳೆಯ ಸ್ಟೇರಿಂಗ್ ಚಕ್ರ ಸಿಕ್ಕಿತು. ಎಂಜಿನ್ ಕೂಡ ಕೊಡುತ್ತೇವೆ ಅಂದರು. ನಂಬರಿರುವ ಸಾಮಾನನ್ನು ಕಾಗದ ಇಲ್ಲದೆ ತಗೊಳ್ಳಬೇಡಿ. ಕದ್ದ ಗಾಡಿಯದಾದರೆ ಸ್ಟೇಷನ್ನಿಗೆ ಅಲೆಯುವವರು ನಾವು. ಮೂರೂವರೆ ಅಂಕ.

ಇಷ್ಟು ಹೊತ್ತಿಗೆ ಗಾಡಿ ಎದ್ದು ನಿಂತಿತ್ತು, ಎಂಜಿನ್ ಹೊಡೆದುಕೊಳ್ಳುತ್ತಿತ್ತು. ಆಗ ನನಗೆ ಹೊಳೆದದ್ದು ಏನೆಂದರೆ, ಸಿಕ್ಕಿದ್ದೆಲ್ಲಾ ಹಿಂದಿನ ಸೀಟಿನಿಂದ ಈಚೆಯದು. ಅಲ್ಲಿ ತನಕ ಇದು ಮಾಮೂಲಿ ಅಂಬಾಸಿಡರ್, ಲಕ್ಷಗಟ್ಟಲೆ ಗಾಡಿಗೆ ಹೊಂದುವ ಸಾಮಾನು. ಅದರಾಚೆ ಇದು ಎಸ್ಟೇಟ್. ಪಕ್ಕದ ಉದ್ದ ಗಾಜು, ಹಿಂಬಾಗಿಲು, ಅದರ ಕೀಲು, ಹಿಡಿ, ಸುತ್ತಲಿನ ರಬ್ಬರ್ ಪಟ್ಟಿ ಅಂದರೆ ಬೀಡಿಂಗ್, ಇವಕ್ಕೆ ಅಂಗಡಿಯೇ ಇಲ್ಲ. ಮಾಡಿದ್ದೇ ಸ್ವಲ್ಪ ಗಾಡಿ, ಉಳಿದದ್ದು ಇನ್ನೂ ಸ್ವಲ್ಪ. ಹಿಂದೂಸ್ತಾನ್ ಮೋಟಾರ್ಸ್‌ನವರು 2017ರಲ್ಲಿ ಅಂಬಾಸಿಡರ್ ಅನ್ನುವ ಹೆಸರನ್ನೇ ಫ್ರಾನ್ಸಿನ ಪೂಜೋ ಕಂಪನಿಗೆ 80 ಕೋಟಿಗೆ ಮಾರಿದರು. ಹೆಸರಿಗೆ ಅಷ್ಟು ಬೆಲೆ, ನನಗೆ ಒಂದು ಕೀಲು ಸಿಗಲಿಲ್ಲ.

ಪುದುಪೇಟೆಗೆ ಹೋದದ್ದು ಅದಕ್ಕೇ. ಬೆಳಗಿನ ರೈಲಿಗೆ ಹೋಗಿ ರಾತ್ರಿ ಬೆಂಗಳೂರು ಮೇಲ್‌ನಲ್ಲಿ ವಾಪಸ್. ಚೆನ್ನೈನ ಎಗ್ಮೋರ್ ಹತ್ತಿರ, ಕೂವಂ ನದಿ ಪಕ್ಕ. ಬೀದಿ ಬೀದಿಯಲ್ಲಿ ಗಾಡಿ ಬಿಚ್ಚುವುದೇ ಕೆಲಸ, ಒಂದು ಕಡೆ ಬರೀ ಬಾಗಿಲು, ಒಂದು ಕಡೆ ಬರೀ ರೇಡಿಯೇಟರ್. ನಮ್ಮ ಗುಜರಿಗಿಂತ ದೊಡ್ಡದು, ಅದಕ್ಕಿಂತ ಶಿಸ್ತು ಜಾಸ್ತಿ. ನನ್ನ ಹರುಕು ತಮಿಳಿನಲ್ಲಿ ಫೋನಿನಲ್ಲಿದ್ದ ಫೋಟೋ ತೋರಿಸುತ್ತಾ ಆರು ಅಂಗಡಿ ಹತ್ತಿಳಿದೆ. ಏಳನೆಯವರು ಹುಡುಗನನ್ನು ಅಟ್ಟಕ್ಕೆ ಹತ್ತಿಸಿದರು. ಮುಕ್ಕಾಲು ಗಂಟೆ ಆದ ಮೇಲೆ ಧೂಳಿನ ಜೊತೆ ಒಂದು ಕೀಲು ಕೆಳಗೆ ಬಂತು. ಒಂದೇ. ಜೋಡಿ ಇಲ್ಲ. ನನ್ನ ಮುಖ ಅರಳಿದ್ದು ಅವರು ನೋಡಿಬಿಟ್ಟರು, ಎರಡೂವರೆ ಸಾವಿರಕ್ಕೆ ಒಂದು ರೂಪಾಯಿ ಇಳಿಸಲಿಲ್ಲ. ಗುಜರಿಯಲ್ಲಿ ಕಲಿತ ಪಾಠ ರೈಲಿನಲ್ಲೇ ಮರೆತಿದ್ದೆ. ನಾಲ್ಕು ಅಂಕ, ಬೇಜಾರಿಂದಲೇ.

ಕೋಲ್ಕತ್ತಾದ ಮಲ್ಲಿಕ್ ಬಜಾರಿಗೆ ನಾನು ಹೋಗಿಲ್ಲ, ಪರಿಚಯದವರ ಮೂಲಕ ಮುಂದಿನ ಬಂಪರ್ ಲಾರಿ ಟ್ರಾನ್ಸ್‌ಪೋರ್ಟಿನಲ್ಲಿ ತರಿಸಿದೆ. ಹದಿನೈದು ವರ್ಷ ದಾಟಿದ ಹಳದಿ ಟ್ಯಾಕ್ಸಿಗಳನ್ನು ಅಲ್ಲಿ ರಸ್ತೆಯಿಂದ ಇಳಿಸುತ್ತಾ ಬಂದಿದ್ದಾರೆ, ಹಾಗಾಗಿ ಮುಂಭಾಗಕ್ಕೆ ಬರವಿಲ್ಲ. ಹಿಂಭಾಗದ ಕಥೆ ಅಲ್ಲೂ ಇದೇ. ಕಾರ್ಬುರೇಟರಿನ ಕಿಟ್ ಮಾತ್ರ ಇಂಗ್ಲೆಂಡಿನಿಂದ ತರಿಸಿದೆ. ಇದರ 1489 ಸಿಸಿ ಎಂಜಿನ್ ಅಲ್ಲಿನ ಎಂಜಿಎ, ಎಂಜಿಬಿ ಸ್ಪೋರ್ಟ್ಸ್ ಕಾರಿನ ಎಂಜಿನ್ನಿಗೆ ದಾಯಾದಿ, ಎಸ್‌ಯು ಕಾರ್ಬುರೇಟರನ್ನು ಸಾಲ್ಸ್‌ಬರಿಯಲ್ಲಿ ಇವತ್ತಿಗೂ ಮಾಡುತ್ತಾರೆ. ಮಾಲು ಅಪ್ಪಟ. ಆದರೆ ಸಾಗಣೆ, ಕಸ್ಟಮ್ಸ್ ಎಲ್ಲಾ ಸೇರಿ ಕಿಟ್ಟಿನ ಬೆಲೆ ಇನ್ನೊಂದು ಸಲ ಕೊಟ್ಟ ಹಾಗಾಯಿತು.

ಇನ್ನು ಮೇಸ್ತ್ರಿ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿದರೆ ಜನ ಬರುತ್ತಾರೆ, ಬಂದರೆ ಕೆಲಸ ಜಾಸ್ತಿ ಆಗುತ್ತದೆ ಅಂತ. ಮೊದಲ ದಿನ ಗಾಡಿ ಸುತ್ತ ಒಂದು ಸುತ್ತು ಬಂದು, ಹಿಂಬಾಗಿಲಿನ ಕೆಳಗಿನ ಅಂಚಿಗೆ ಹೆಬ್ಬೆರಳು ಒತ್ತಿದರು. ಬೆರಳು ಒಳಗೆ ಹೋಯಿತು. "ಸರ್, ಪುಟ್ಟಿ ಹಾಕಿದ್ರೆ ಒಂದು ವಾರ. ತಗಡು ಹಾಕಿದ್ರೆ ಒಂದು ವರ್ಷ. ಯಾವ್ದು ಬೇಕು ಈಗ್ಲೇ ಹೇಳ್ಬಿಡಿ." ಇಷ್ಟು ನೇರವಾಗಿ ನನಗೆ ಯಾವ ಷೋರೂಮಿನವರೂ ಹೇಳಿಲ್ಲ. ತಗಡು ಅಂದೆ. ಹದಿನಾಲ್ಕು ತಿಂಗಳಾಯಿತು.

ವ್ಯಾಗನ್ ಕೊಳೆಯುವುದೇ ಅಲ್ಲಿಂದ. ಗಾಜಿನ ಬೀಡಿಂಗ್ ಒಣಗಿ ನೀರು ಬಾಗಿಲ ಹೊಟ್ಟೆಗೆ ಇಳಿಯುತ್ತದೆ, ಕೆಳಗೆ ನೀರು ಹೋಗಲು ಇರುವ ತೂತುಗಳು ಮಣ್ಣು ಕಟ್ಟಿಕೊಂಡಿರುತ್ತವೆ, ಸಕಲೇಶಪುರದ ಮಳೆ ಬೇರೆ. ಮೇಸ್ತ್ರಿ ಕೊಳೆತದ್ದನ್ನು ಪೂರ್ತಿ ಕತ್ತರಿಸಿ, ರಟ್ಟಿನಲ್ಲಿ ಅಚ್ಚು ತೆಗೆದು, ಮರಳಿನ ಚೀಲದ ಮೇಲೆ ತಗಡಿಟ್ಟು ಮರದ ಸುತ್ತಿಗೆಯಲ್ಲಿ ಬಡಿದು ಬಡಿದು ಬಾಗಿಸಿದರು. ಪುದುಪೇಟೆಯ ಕೀಲು ನೋಡಿ, "ಒಂದು ಸಿಕ್ತಲ್ಲ, ಸಾಕು" ಅಂದರು. ಎರಡನೆಯದು ಪಕ್ಕದ ಲೇತಿನಲ್ಲಿ ಹುಟ್ಟಿತು. ಈಗ ಯಾವುದು ಹಳೇದು ಯಾವುದು ಹೊಸದು ಅಂತ ನನಗೇ ಗೊತ್ತಾಗಲ್ಲ.

ಗಾಜಿಗೂ ಅವರೇ ದಾರಿ ತೋರಿಸಿದರು. ನನ್ನ ಗಾಡಿಯ ಪಕ್ಕದ ಗಾಜು ಸಪಾಟು, ಬಾಗಿಲ್ಲ. ಪ್ಲೈವುಡ್ಡಿನಲ್ಲಿ ಅಳತೆ ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಗಾಜಿನವರಿಗೆ ಕೊಡಬೇಕು. ಟಫನ್ ಮಾಡಿದ, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜನ್ನು ಮತ್ತೆ ಕತ್ತರಿಸಲು ಆಗುವುದಿಲ್ಲ, ಪುಡಿಪುಡಿ ಆಗುತ್ತದೆ. ಹಾಗಾಗಿ ಅಳತೆ ಅರ್ಧ ಸೆಂಟಿಮೀಟರ್ ತಪ್ಪಿದರೂ ಅಷ್ಟೂ ದುಡ್ಡು ಹೋಯಿತು ಅಂತಲೇ ಲೆಕ್ಕ.

ಬೀಡಿಂಗ್ ವಿಷಯದಲ್ಲಿ ನಾನು ಅವರ ಮಾತು ಕೇಳದೆ ಆನ್‌ಲೈನಿನಲ್ಲಿ ಒಂದು ಅಂಗಡಿಯಿಂದ "ಎಲ್ಲಾ ಹಳೇ ಗಾಡಿಗೂ ಹೊಂದುತ್ತದೆ" ಅನ್ನುವುದನ್ನು ತರಿಸಿದೆ. ಯಾವ ಗಾಡಿಗೂ ಹೊಂದದ ವಸ್ತು ಅದು. ಬಾಗಿಲು ಮುಚ್ಚಿಕೊಳ್ಳುತ್ತಿತ್ತು, ಆದರೆ ಅರವತ್ತು ದಾಟಿದರೆ ಒಳಗೆಲ್ಲಾ ಸೈಲೆನ್ಸರ್ ಹೊಗೆಯ ವಾಸನೆ. ವ್ಯಾಗನ್ ಓಡುವಾಗ ಹಿಂದೆ ಗಾಳಿ ಸುಳಿ ಕಟ್ಟಿ ಹೊಗೆಯನ್ನು ಬಾಗಿಲ ಸಂದಿಯಿಂದ ಒಳಕ್ಕೆ ಎಳೆಯುತ್ತದೆ, ತಲೆನೋವು ಬಂದ ಮೇಲೆ ಮೇಸ್ತ್ರಿ ಹೇಳಿದ್ದು ನೆನಪಾಯಿತು. ಇದು ಸುಮ್ನೆ ವಾಸನೆ ಅಲ್ಲ, ಜೀವಕ್ಕೆ ಅಪಾಯದ ಹೊಗೆ. ವಾಪಸ್ ತಗೊಳ್ಳಿ ಅಂದರೆ ಕತ್ತರಿಸಿದ ಮಾಲು ತಗೊಳ್ಳಲ್ಲ ಅಂದರು. ಕೊನೆಗೆ ಹಳೇ ರಬ್ಬರಿನ ಎರಡು ಇಂಚು ತುಂಡು ಕೊಟ್ಟು, ಅದೇ ಆಕಾರದ್ದನ್ನು ಅಡಿ ಲೆಕ್ಕದಲ್ಲಿ ಮಾಡಿಸಿದೆ. ಜೋಡಣೆ ಯಾವತ್ತೂ ಬಾಗಿಲಿನ ಕೆಳಗಿನ ಅಂಚಿಗೆ ಬರಲಿ, ಮೇಲೆ ಬಂದರೆ ಮೊದಲ ಮಳೆಗೇ ಸೋರುತ್ತದೆ.

ಕ್ರೋಮ್ ಹಾಕುವವರ ಬಗ್ಗೆ ಬರೆದರೆ ಬಿಪಿ ಏರುತ್ತದೆ. ಹಿಂದಿನ ಬಂಪರನ್ನು ಉಜ್ಜಿ ಉಜ್ಜಿ ಮೂಲೆಯಲ್ಲಿ ತೂತು ಮಾಡಿ, ಅದರ ಮೇಲೇ ಕ್ರೋಮ್ ಹಾಕಿ, ಹಳೇ ಪತ್ರಿಕೆ ಸುತ್ತಿ ಕೊಟ್ಟರು. ಮನೆಗೆ ಬಂದು ಬಿಚ್ಚಿದಾಗ ಗೊತ್ತಾಗಿದ್ದು. ಕೆಲಸ ಆದ ಮೇಲೆ ಅಲ್ಲೇ ಬಿಚ್ಚಿ ನೋಡಿ, ಆಮೇಲೆ ದುಡ್ಡು ಕೊಡಿ.

ಕಾಗದದ ವಿಷಯ ಬೇಗ ಮುಗಿಸುತ್ತೇನೆ. 2021ರ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000, ನಂಬರಿನಲ್ಲಿ ವಿಎ ಅಂತ ಬರುತ್ತದೆ. ದಿನಾ ಓಡಿಸುವ ಹಾಗಿಲ್ಲ. ಷಾಸಿ, ಬಾಡಿ, ಎಂಜಿನ್ ಮಾರ್ಪಾಡು ಆಗಿರಬಾರದು ಅನ್ನುವುದೇ ಇಲ್ಲಿ ಮುಖ್ಯ. ಹಿಂದೆ ಎಷ್ಟೋ ಅಂಬಾಸಿಡರ್‌ಗಳಿಗೆ ಮೈಲೇಜ್ ಆಸೆಗೆ ಮ್ಯಾಟಡೋರ್ ಡೀಸೆಲ್ ಎಂಜಿನ್ ಕೂರಿಸಿದ್ದರು. ಹಾಗೆ ಬದಲಾದ ಗಾಡಿ ತಗೊಳ್ಳುವ ಮೊದಲು ಯೋಚಿಸಿ. ನಮ್ಮದಕ್ಕೆ ಐವತ್ತು ತುಂಬಲು ಇನ್ನೂ ಸ್ವಲ್ಪ ಇದೆ, ಮಾವ ದಿನ ಎಣಿಸುತ್ತಿದ್ದಾರೆ.

ಮೇಸ್ತ್ರಿಗೆ ಐದಕ್ಕೆ ಐದು. ನಾಲ್ಕು ಸಲ ಜಗಳ ಆಡಿದ್ದೇವೆ, ಒಂದು ಸಲ ಫೋನ್ ಎತ್ತದೆ ಹದಿನೆಂಟು ದಿನ ಊರಲ್ಲೇ ಇರಲಿಲ್ಲ, ಆದರೂ ಐದು. ವ್ಯಾಗನ್ ಕೊಳ್ಳುವವರು ಮೊದಲು ಇಂಥ ಒಬ್ಬರನ್ನು ಹುಡುಕಿಕೊಂಡು ಆಮೇಲೆ ಗಾಡಿ ಹುಡುಕಿ. ನಾನು ಉಲ್ಟಾ ಮಾಡಿದೆ, ಅದೃಷ್ಟ ಚೆನ್ನಾಗಿತ್ತು.

ಈಗ ಉಳಿದದ್ದು ಒಂದೇ, ಹಿಂಬಾಗಿಲಿನ ಹೊರಗಿನ ಹಿಡಿ, ಬೀಗದ ತೂತಿರುವುದು. ಮೇಸ್ತ್ರಿ ಮಾಡಿಕೊಡುತ್ತೇನೆ ಅಂದರು, ಇದೊಂದಾದರೂ ಅಸಲಿ ಇರಲಿ ಅಂತ ನಾನೇ ತಡೆದೆ. ಸದ್ಯಕ್ಕೆ ಕಾಫಿ ಮೂಟೆ ಹೊಲಿಯುವ ಹುರಿ ಕಟ್ಟಿದ್ದೇನೆ, ಎಳೆದರೆ ಬಾಗಿಲು ತೆಗೆಯುತ್ತದೆ. ಯಾರ ಶೆಡ್ಡಿನಲ್ಲಾದರೂ ಆ ಹಿಡಿ ಬಿದ್ದಿದ್ದರೆ ಹೇಳಿ. ನನಗೇನೂ ಅಷ್ಟು ಅರ್ಜೆಂಟ್ ಇಲ್ಲ.