ಮೂರು ಲೀಟರ್ ಟ್ಯಾಂಕಿನ ಏರ್‌ಬ್ರಷ್ ಕಂಪ್ರೆಸರ್: ನಾಲ್ಕೈದು ವರ್ಷ ಜೆಟ್‌ಗಳಿಗೆ ಬಣ್ಣ ಹೊಡೆದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಯುದ್ಧವಿಮಾನದ ಮಾಡೆಲ್ ಕಟ್ಟಿ ಬಣ್ಣ ಹೊಡೆಯುವವರಿಗೆ ಗಾಳಿ ಒತ್ತಿ ಕೊಡುವ ಈ ಕಂಪ್ರೆಸರ್ ಸಾಕು. ಅದರ ಜೊತೆ ಪುಕ್ಕಟೆ ಅಂತ ಕೊಡುವ ಏರ್‌ಬ್ರಷ್, ಅಂದರೆ ಆ ಗಾಳಿಯಿಂದ ಬಣ್ಣ ಸಿಂಪಡಿಸುವ ಸಾಧನ, ಮಾತ್ರ ಸಾಕಾಗುವುದಿಲ್ಲ. ದುಡ್ಡು ಜಾಸ್ತಿ ಹಾಕುವುದಿದ್ದರೆ ಬ್ರಷ್‌ಗೆ ಹಾಕಿ, ಕಂಪ್ರೆಸರ್ ಅಗ್ಗದ್ದೇ ಇರಲಿ. ಆದರೆ ಟ್ಯಾಂಕ್ ಇರುವುದನ್ನೇ ತಗೊಳ್ಳಿ.

ಬ್ರ್ಯಾಂಡ್ ಹೆಸರು ಹೇಳಿ ಉಪಯೋಗವಿಲ್ಲ. ಇದೇ ಯಂತ್ರಕ್ಕೆ ಬೇರೆ ಬೇರೆ ಸ್ಟಿಕರ್ ಅಂಟಿಸಿ ಹತ್ತಾರು ಜನ ಮಾರುತ್ತಾರೆ. ಎಣ್ಣೆ ಹಾಕಬೇಕಿಲ್ಲದ ಒಂದು ಪಿಸ್ಟನ್, 1/6 ಎಚ್‌ಪಿ ಮೋಟಾರ್, ಕೆಳಗೆ ಮೂರು ಲೀಟರ್ ಟ್ಯಾಂಕ್, ಮೇಲೊಂದು ಹಿಡಿಕೆ. ಒತ್ತಡ 3 ಬಾರ್‌ಗೆ (ಗಾಳಿಯ ಒತ್ತಡದ ಅಳತೆ) ಇಳಿದರೆ ತಾನೇ ಶುರುವಾಗುತ್ತದೆ, 4 ಬಾರ್ ಮುಟ್ಟಿದರೆ ತಾನೇ ನಿಲ್ಲುತ್ತದೆ. ಬ್ರಷ್, ಪೈಪ್ ಎಲ್ಲ ಸೇರಿ ಹತ್ತು ಸಾವಿರದೊಳಗೆ ಬಂತು.

ಸುಮ್ನೆ ಕೈಬ್ರಷ್‌ನಲ್ಲಿ ಹೊಡೆದರೆ ಆಗಲ್ವಾ ಅಂತ ಕೇಳುವವರಿದ್ದಾರೆ. ಯುದ್ಧದ ಟ್ಯಾಂಕ್, ಜೀಪ್, ಸೈನಿಕರ ಬೊಂಬೆ ಆದರೆ ಆಗುತ್ತದೆ. ಜೆಟ್‌ಗೆ ಕಷ್ಟ. ಲೆಕ್ಕ ಹಾಕಿ ನೋಡಿ: 1/72 ಅಳತೆಯ, ಅಂದರೆ ನಿಜವಾದದ್ದಕ್ಕಿಂತ 72 ಪಟ್ಟು ಚಿಕ್ಕ ಮಾಡೆಲ್ ಮೇಲೆ ಬಣ್ಣ 0.1 ಮಿಲಿಮೀಟರ್ ದಪ್ಪ ಕೂತರೆ, ನಿಜವಾದ ವಿಮಾನದ ಮೇಲೆ ಏಳು ಮಿಲಿಮೀಟರ್ ಮೆತ್ತಿದ ಹಾಗೆ. ತಗಡುಗಳು ಸೇರುವ ಕಡೆಯ ಪ್ಯಾನೆಲ್ ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಜೆಟ್ ಅಂದರೆ ದೊಡ್ಡ ನುಣುಪಾದ ರೆಕ್ಕೆ. ಅಲ್ಲಿ ಕೈಬ್ರಷ್ ಎಳೆದ ಒಂದು ಗೆರೆ ಉಳಿದರೂ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ. ಇನ್ನು ನಮ್ಮ ವಾಯುಪಡೆಯ ಜಾಗ್ವಾರ್‌ನಂಥ ಹಸಿರು-ಬೂದು ಮರೆಬಣ್ಣದಲ್ಲಿ ಎರಡು ಬಣ್ಣ ಸೇರುವ ಅಂಚನ್ನು ಮೆದುವಾಗಿ ತೋರಿಸಬೇಕು ಅಂದರೆ ಏರ್‌ಬ್ರಷ್ ಬಿಟ್ಟು ಬೇರೆ ದಾರಿಯಿಲ್ಲ.

ಟ್ಯಾಂಕ್ ಯಾಕೆ ಬೇಕು ಅನ್ನುವುದು ಇಲ್ಲೇ ಗೊತ್ತಾಗುವುದು. ಒಂದೇ ಪಿಸ್ಟನ್ ಇರುವ ಪುಟ್ಟ ಕಂಪ್ರೆಸರ್‌ನಲ್ಲಿ ಗಾಳಿ ಒಂದೇ ಸಮ ಬರುವುದಿಲ್ಲ, ತಡೆತಡೆದು ಬರುತ್ತದೆ. ಗೆಳೆಯರೊಬ್ಬರ ಹತ್ತಿರ ಟ್ಯಾಂಕ್ ಇಲ್ಲದ್ದು ಇದೆ. ಸಣ್ಣ ಭಾಗಗಳಿಗೆ ಏನೂ ತೊಂದರೆಯಿಲ್ಲ. ಆದರೆ ಸುಖೋಯ್-30 ಒಂದನ್ನು 1/48ರಲ್ಲಿ ಕಟ್ಟಿದರೆ ಉದ್ದ ಹತ್ತಿರ ಹತ್ತಿರ 46 ಸೆಂಟಿಮೀಟರ್. ಅದರ ಬೆನ್ನ ಮೇಲೆ ಒಂದೇ ಎಳೆತಕ್ಕೆ ತೆಳು ಕೋಟ್ ಹೊಡೆಯುವಾಗ ಆ ತಡೆತಡೆ ಸಣ್ಣ ಸಣ್ಣ ಮಚ್ಚೆಯಾಗಿ ಕಾಣುತ್ತದೆ. ಟ್ಯಾಂಕ್ ಇದ್ದರೆ ಗಾಳಿ ಅಲ್ಲಿ ಕೂಡಿ, ಸಮವಾಗಿ ಹೊರಗೆ ಬರುತ್ತದೆ. ಹಾಗಂತ ಮೂರು ಲೀಟರ್ ಏನೂ ದೊಡ್ಡದಲ್ಲ. ಸತತವಾಗಿ ಒತ್ತಿ ಹಿಡಿದರೆ ಅರ್ಧ ನಿಮಿಷದೊಳಗೆ ಮೋಟಾರ್ ಮತ್ತೆ ಶುರು. ಕರೆಂಟ್ ಹೋದಾಗ ಅರ್ಧ ರೆಕ್ಕೆ ಮುಗಿಸಬಹುದು, ಅಷ್ಟೇ. ಮನೆಯ ಯುಪಿಎಸ್‌ಗೆ ಹಾಕಿ ನೋಡೋಣ ಅಂದುಕೊಳ್ಳಬೇಡಿ. ಶುರುವಾಗುವಾಗ ಈ ಮೋಟಾರ್ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಸ್ಕ್ವೇರ್ ವೇವ್ ಯುಪಿಎಸ್ ಆದರೆ ಗುಂಯ್‌ಗುಟ್ಟಿ ಬಿಸಿಯೂ ಆಗುತ್ತದೆ.

ನನ್ನನ್ನು ಜಾಸ್ತಿ ಕಾಡಿದ್ದು ನೀರು. ನಮ್ಮ ಬೆಂಗಳೂರು ಮಂಗಳೂರಿನಷ್ಟು ಜಿಗಟು ಊರಲ್ಲ, ಆದರೂ ನೀರು ಬರುತ್ತದೆ. ಟ್ಯಾಂಕಿನಲ್ಲಿ ಗಾಳಿಯನ್ನು ಸುಮಾರು ಐದು ಪಟ್ಟು ಹಿಂಡುತ್ತೇವಲ್ಲ, ಅದರಲ್ಲಿದ್ದ ತೇವವೂ ಐದು ಪಟ್ಟು ಒತ್ತೊತ್ತಾಗುತ್ತದೆ. ಆಮೇಲೆ ಗಾಳಿ ತಣ್ಣಗಾದಾಗ ಮಿಕ್ಕ ತೇವ ನೀರಾಗಿ ಇಳಿಯಲೇಬೇಕು. ಹೊರಗೆ ತೇವಾಂಶ ಶೇ 50 ಇದ್ದರೂ ಸಾಕು. ಒತ್ತಡ ಹೊಂದಿಸುವ ರೆಗ್ಯುಲೇಟರ್ ಜೊತೆಗೆ ಬರುವ ವಾಟರ್ ಟ್ರ್ಯಾಪ್ ಈ ನೀರನ್ನು ಒಂದಷ್ಟು ಹಿಡಿಯುತ್ತದೆ. ಆದರೆ ಅರ್ಧ ಗಂಟೆ ಓಡಿ ಮೋಟಾರ್ ಬಿಸಿಯಾದ ಮೇಲೆ ಗಾಳಿಯೂ ಬಿಸಿ. ಬಿಸಿ ಗಾಳಿ ತೇವವನ್ನು ಹೊತ್ತುಕೊಂಡೇ ಟ್ರ್ಯಾಪ್ ದಾಟಿ, ಪೈಪಿನಲ್ಲಿ ತಣ್ಣಗಾಗಿ, ಕೊನೆಗೆ ರೆಕ್ಕೆಯ ಮೇಲೆ ಹನಿಯಾಗಿ ಬೀಳುತ್ತದೆ. ಬೀಳುವುದೂ ಎಲ್ಲಿ ಅಂತೀರಿ, ಮುಗಿಯುತ್ತಾ ಬಂದ ಕಡೆಯೇ!

ಇದಕ್ಕೆ ಮದ್ದು ಸುಲಭ. ಬ್ರಷ್‌ನ ಬುಡಕ್ಕೇ ಸಿಕ್ಕಿಸುವ ಇನ್ನೊಂದು ಪುಟ್ಟ ಟ್ರ್ಯಾಪ್ ಸಿಗುತ್ತದೆ. ಅದನ್ನು ಹಾಕಿದ ಮೇಲೆ ಹನಿ ಬೀಳುವುದು ನಿಂತಿದೆ. ಪ್ರತಿ ಸಲ ಕೆಲಸ ಮುಗಿದ ಮೇಲೆ ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ನೀರು ಬಿಡಿ. ಬಿಡದಿದ್ದರೆ ಒಳಗೆ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಕಂದುಬಣ್ಣದ ನೀರು ಬಂದರೆ ತುಕ್ಕು ಶುರುವಾಗಿದೆ ಅಂತ ತಿಳಿಯಿರಿ. ಇನ್ನೊಂದು ಮಾತು: ಟ್ರ್ಯಾಪ್‌ನ ಪಾರದರ್ಶಕ ಬಟ್ಟಲನ್ನು ತಿನ್ನರ್‌ನಲ್ಲಿ ತೊಳೆಯಬೇಡಿ, ಬಿರುಕು ಬಿಡುತ್ತದೆ.

ಮಿಗ್-21 ಕಟ್ಟುವವರಿಗೆ ಈ ನೀರಿನ ವಿಷಯ ತುಂಬ ಮುಖ್ಯ. ಕಳೆದ ವರ್ಷ, 2025ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ ಮಿಗ್-21ಕ್ಕೆ ಚಂಡೀಗಢದಲ್ಲಿ ವಿದಾಯ ಹೇಳಿತಲ್ಲ, ಆಮೇಲೆ ನಮ್ಮ ಗೆಳೆಯರ ಬಳಗದಲ್ಲಿ ಎಲ್ಲರ ಟೇಬಲ್ ಮೇಲೂ ಅದೇ. 28ನೇ ಸ್ಕ್ವಾಡ್ರನ್ನಿಗೆ 1963ರಲ್ಲಿ ಮೊದಲು ಬಂದವು ಬಣ್ಣ ಬಳಿಯದ ಬೆಳ್ಳಿ ವಿಮಾನಗಳು. ಆ ಲೋಹದ ಹೊಳಪು ಬರಬೇಕಾದರೆ ಮೊದಲು ಹೊಳೆಯುವ ಕಪ್ಪು ಹೊಡೆದು, ಚೆನ್ನಾಗಿ ಒಣಗಿಸಿ, ಅದರ ಮೇಲೆ ಅಲ್ಯೂಮಿನಿಯಂ ಲ್ಯಾಕರ್ (ಬೇಗ ಆರುವ ಬಣ್ಣ) ಅನ್ನು ಕಡಿಮೆ ಒತ್ತಡದಲ್ಲಿ ಹೊಗೆಯಷ್ಟು ತೆಳ್ಳಗೆ ಬಿಡಬೇಕು. ನಾನು 15 ಪಿಎಸ್‌ಐ, ಅಂದರೆ ಒಂದು ಬಾರ್ ಸುತ್ತಮುತ್ತ ಇಡುತ್ತೇನೆ. ಮಳೆಗಾಲದ ಸಂಜೆ ಲ್ಯಾಕರ್ ಹೊಡೆದರೆ ಕಪ್ಪು ಬೆಳ್ಳಗಾಗುತ್ತದೆ. ತಿನ್ನರ್ ಬೇಗ ಆರಿ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅಲ್ಲೇ ಕೂರುವುದರಿಂದ ಹೀಗೆ. ನಿಧಾನಕ್ಕೆ ಆರುವ ಲೆವೆಲಿಂಗ್ ತಿನ್ನರ್ ಬಳಸಿ. ಇಲ್ಲ, ಬೆಳ್ಳಿ ಕೆಲಸವನ್ನೆಲ್ಲ ಜನವರಿ-ಫೆಬ್ರವರಿಗೆ ಇಟ್ಟುಕೊಳ್ಳಿ. ಆಗ ಇನ್ನೊಂದು ಕಾಟ: ಒಣಹವೆಗೆ ಏರ್‌ಬ್ರಷ್‌ನ ಸೂಜಿಯ ತುದಿಯಲ್ಲೇ ಅಕ್ರಿಲಿಕ್ ಬಣ್ಣ ಗಟ್ಟಿಯಾಗುತ್ತದೆ. ಆಗಾಗ ತುದಿ ಒರೆಸುತ್ತಿರಬೇಕು. ಅಷ್ಟೆಲ್ಲ ಕಷ್ಟ ಬೇಡ ಅನ್ನುವವರು 1971ರ ಮಿಗ್ ಮಾಡಿ. ಯುದ್ಧದ ಹೊತ್ತಿಗೆ ಆ ಬೆಳ್ಳಿ ವಿಮಾನಗಳಿಗೆ ಆತುರದಲ್ಲಿ ಹಸಿರು ಬಳಿದಿದ್ದರು, ಒಂದರ ಹಾಗೆ ಇನ್ನೊಂದಿಲ್ಲ. ನಿಮ್ಮದು ಸ್ವಲ್ಪ ಅಂಕುಡೊಂಕಾದರೂ ಯಾರೂ ತಪ್ಪು ಅನ್ನುವ ಹಾಗಿಲ್ಲ.

ಬಣ್ಣದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ನಿಂತಿರುವ, ಎಚ್‌ಎಎಲ್ ಕಟ್ಟಿದ ಮಾರುತ್ ಯುದ್ಧವಿಮಾನ ನೋಡಿ ಶೇಡ್ ಹೊಂದಿಸಲು ಹೋಗಬೇಡಿ. ಬಿಸಿಲು ಮಳೆಗೆ ನಿಂತ ವಿಮಾನಕ್ಕೆ ಮತ್ತೆ ಮತ್ತೆ ಬಣ್ಣ ಬಳಿದಿರುತ್ತಾರೆ. ಆಕಾರ, ಚಕ್ರದ ಗೂಡು, ಗಾಳಿ ಒಳಗೆ ಹೋಗುವ ಬಾಯಿ ಇವನ್ನು ನೋಡಲು ಮಾತ್ರ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ ಕೂಡ ಹಾಗೇ. ಜರ್ಮನ್ ಎಂಜಿನಿಯರ್ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿ, 1961ರ ಜೂನ್ 17ರಂದು ಇದೇ ಊರಲ್ಲಿ ಮೊದಲ ಸಲ ಹಾರಿದ ವಿಮಾನ ಮಾರುತ್. ಆದರೂ ತಮಿಯಾ, ಹಸೆಗಾವಾದಂಥ ದೊಡ್ಡ ಮಾಡೆಲ್ ಕಂಪನಿಗಳು ಅದರ ಕಿಟ್ ಮಾಡಿಲ್ಲ ಅನ್ನುವುದು ನಮ್ಮ ಬಳಗದ ಹಳೇ ಸಂಕಟ. ಅಚ್ಚಿಗೆ ಸುರಿದು ಮಾಡುವ ರೆಸಿನ್‌ನಲ್ಲಿ ಕಿಟ್ ಸಿಕ್ಕರೆ ಸೋಪುನೀರಲ್ಲಿ ತಿಕ್ಕಿ ತೊಳೆದು, ಪ್ರೈಮರ್ ಹೊಡೆದೇ ಮುಂದಿನ ಕೆಲಸ. ಇಲ್ಲದಿದ್ದರೆ ಮಾಸ್ಕಿಂಗ್ ಟೇಪ್ ಜೊತೆ ಬಣ್ಣವೂ ಎದ್ದುಬರುತ್ತದೆ.

ವಾಯುಪಡೆಯ ಕಸರತ್ತು ತಂಡ ಸೂರ್ಯಕಿರಣದ ಕೆಂಪು-ಬಿಳಿ ಹಾಕ್ ವಿಮಾನ ಈ ಯಂತ್ರಕ್ಕೆ ಒಳ್ಳೆಯ ಪರೀಕ್ಷೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಬ್ರಿಟನ್ನಿನ ರೆಡ್ ಆರೋಸ್ ತಂಡದ ಹಾಕ್. ನಮ್ಮದರ ಮೂಗು ಬೇರೆ, ಅದನ್ನು ಪುಟ್ಟಿ ಮೆತ್ತಿ ತಿದ್ದಬೇಕು. ಮೊದಲು ಬಿಳಿ ಹೊಡೆದು, ಟೇಪ್ ಅಂಟಿಸಿ, ಆಮೇಲೆ ಕೆಂಪು. 1/72ರಲ್ಲಿ ಇಡೀ ವಿಮಾನ 17 ಸೆಂಟಿಮೀಟರ್ ಇದ್ದರೆ ಹೆಚ್ಚು. ಟೇಪ್ ತೆಗೆದಾಗ ಅಂಚಿನಲ್ಲಿ ಏಣು ಉಳಿಯಬಾರದು ಅಂದರೆ ತೆಳ್ಳಗೆ ಹಲವು ಕೋಟ್ ಹೊಡೆಯಬೇಕು, ಅದಕ್ಕೆ ಒತ್ತಡ ಸ್ಥಿರವಾಗಿರಬೇಕು. ಈ ವಿಷಯದಲ್ಲಿ ರೆಗ್ಯುಲೇಟರ್ ಮೇಲೆ ನನ್ನ ದೂರೇನೂ ಇಲ್ಲ. ಇಟ್ಟ ಕಡೆ ನಿಲ್ಲುತ್ತದೆ.

ಸದ್ದಿನ ಬಗ್ಗೆ ಹೇಳಬೇಕು. ಡಬ್ಬದ ಮೇಲೆ 47 ಡೆಸಿಬೆಲ್ ಅಂತ ಅಚ್ಚು ಹಾಕಿದ್ದಾರೆ. ಮಿಕ್ಸಿಯಷ್ಟು ಗಲಾಟೆ ಖಂಡಿತ ಇಲ್ಲ, ಪಕ್ಕದ ಕೋಣೆಯಲ್ಲಿ ಟೀವಿ ನೋಡಬಹುದು. ತೊಂದರೆ ಇರುವುದು ನಡುಕದಲ್ಲಿ. ನಮ್ಮದು ಅಪಾರ್ಟ್‌ಮೆಂಟ್. ನೆಲಕ್ಕೆ ಇಟ್ಟು ಹಾಕಿದರೆ ಕೆಳಗಿನ ಮನೆಯವರಿಗೆ ಗೊರ್ರ್ ಅಂತ ಕೇಳುತ್ತದಂತೆ. "ರೀ, ಮತ್ತೆ ಆ ಡಬ್ಬ ಶುರು ಮಾಡಿದ್ರಾ? ಕೆಳಗಿನ ಆಂಟಿ ಆಗಲೇ ಫೋನ್ ಮಾಡಿದ್ರು" ಅಂತ ಮನೆಯವಳು ಬಂದು ನಿಲ್ಲುತ್ತಾಳೆ. ಹಳೇ ಯೋಗ ಮ್ಯಾಟ್ ಎರಡು ಮಡಿಕೆ ಮಾಡಿ ಅಡಿಗೆ ಹಾಕಿದ ಮೇಲೆ ಫೋನ್ ಕಮ್ಮಿಯಾಗಿದೆ. ಜೊತೆಗೆ ಬಂದ ರಬ್ಬರ್ ಕಾಲುಗಳು ಎರಡೇ ವರ್ಷಕ್ಕೆ ಕಲ್ಲಾಗಿದ್ದವು.

ಮೂರನೇ ವರ್ಷ ಪ್ರೆಶರ್ ಸ್ವಿಚ್ ಕೈಕೊಟ್ಟಿತು. 4 ಬಾರ್ ದಾಟಿದರೂ ಮೋಟಾರ್ ನಿಲ್ಲದು. ಸೇಫ್ಟಿ ವಾಲ್ವ್ ಸುಯ್ಯೆಂದು ಗಾಳಿ ಬಿಟ್ಟು ಕಾಪಾಡಿತು. ಮಾರಿದವರಿಗೆ ಫೋನ್ ಮಾಡಿದರೆ ಮೊದಲು "ಕಳಿಸಿಕೊಡಿ ಸಾರ್" ಅಂದರು, ಆಮೇಲೆ ಎತ್ತಲೇ ಇಲ್ಲ. ಎಸ್‌ಜೆಪಿ ರಸ್ತೆಯ ಒಂದು ಗಲ್ಲಿಗೆ ಹೊತ್ತುಕೊಂಡು ಹೋದೆ. ರಿಪೇರಿಯವರು ತಿರುಗಿಸಿ ಮುರುಗಿಸಿ ನೋಡಿ, "ಫ್ರಿಡ್ಜಿಂದಲ್ಲ, ಪಂಕ್ಚರ್ ಅಂಗಡಿದೂ ಅಲ್ಲ, ಏನ್ ಸಾರ್ ಇದು?" ಅಂದರು. ಆಟಿಕೆ ವಿಮಾನಕ್ಕೆ ಪೇಂಟ್ ಮಾಡೋದು ಅಂದೆ. ನನ್ನನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿ ಸುಮ್ಮನಾದರು. ಆದರೆ ಸ್ವಿಚ್ ಅಲ್ಲೇ ಸಿಕ್ಕಿತು, ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿ ಹಾಕಿಯೇ ಕೊಟ್ಟರು. ಇದರ ದೊಡ್ಡ ಗುಣ ಅದೇ. ಸ್ವಿಚ್, ಗೇಜ್, ಪೈಪಿನ ಜೋಡಣೆ ಎಲ್ಲ ಮಾಮೂಲಿ ಸಾಮಾನು, ಕಂಪನಿಯ ಬಾಗಿಲು ಕಾಯಬೇಕಿಲ್ಲ.

ಜೊತೆಗೆ ಬಂದ 0.3 ಮಿಲಿಮೀಟರ್ ಮೂತಿಯ ಏರ್‌ಬ್ರಷ್ ಕಥೆ ಸಣ್ಣದು. ಲ್ಯಾಕರ್ ತಿನ್ನರ್ ತಾಗಿ ಒಳಗಿನ ರಬ್ಬರ್ ವಾಷರ್ ಉಬ್ಬಿತು, ಸೂಜಿ ಅಂಟಿತು, ಬಣ್ಣ ಹಾಕುವ ಬಟ್ಟಲಿನ ಒಳಗಿನ ಕ್ರೋಮ್ ಎದ್ದಿತು. ಈಗ ಅದು ಪ್ರೈಮರ್‌ಗೆ ಮಾತ್ರ. ಉಳಿದದ್ದಕ್ಕೆಲ್ಲ ಇವಾಟಾ ಕಂಪನಿಯ ಏರ್‌ಬ್ರಷ್ ತಗೊಂಡೆ. ಕಂಪ್ರೆಸರ್‌ಗಿಂತ ಜಾಸ್ತಿ ದುಡ್ಡಾಯಿತು, ಬೇಜಾರಿಲ್ಲ. ಹಾಗೇ ತಿನ್ನರ್‌ನ ಆವಿ ಹಿಡಿಯುವ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್‌ಗೂ ದುಡ್ಡು ತೆಗೆದಿಡಿ. ಬಟ್ಟೆ ಮಾಸ್ಕ್ ಲ್ಯಾಕರ್ ವಾಸನೆಗೆ ಏನೇನೂ ಸಾಲದು.

ಸೆಕೆಂಡ್ ಹ್ಯಾಂಡ್ ಸಿಕ್ಕರೆ ತಗೊಳ್ಳಬಹುದು, ಆದರೆ ಎದುರಲ್ಲೇ ಓಡಿಸಿ ನೋಡಿ. ಖಾಲಿ ಟ್ಯಾಂಕ್ ತುಂಬಲು ಹೊಸದಕ್ಕಿಂತ ತುಂಬ ಹೊತ್ತು ಹಿಡಿದರೆ ಪಿಸ್ಟನ್ ರಿಂಗ್ ಸವೆದಿದೆ. ತುಂಬಿ ನಿಂತ ಮೇಲೆ ಬ್ರಷ್ ಮುಟ್ಟದೆ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ತಾನಾಗಿ ಮತ್ತೆ ಶುರುವಾದರೆ ಎಲ್ಲೋ ಸೋರುತ್ತಿದೆ, ಸೋಪುನೀರು ಹಚ್ಚಿದರೆ ಗುಳ್ಳೆ ಬಂದು ಗೊತ್ತಾಗುತ್ತದೆ. ಆಮೇಲೆ ಅಡಿಯ ತಿರುಪು ಬಿಚ್ಚಿಸಿ. ನೀರು ತಿಳಿಯಾಗಿದ್ದರೆ ಬೆಲೆ ಮಾತಾಡಿ, ಕಂದಾಗಿದ್ದರೆ ಬೇರೆ ನೋಡಿ.